ಸೋಮವಾರದ ಗುಳಿಗೆ

ಹರಕೆ ಹೊತ್ತವಳು ಅವ್ವ, ಹೊಟ್ಟೆ ಮಾತ್ರ ನನ್ನದು. ಈ ಹಂಚಿಕೆ ನಮ್ಮ ಮನೆಯಲ್ಲಿ ಹೊಸದೇನಲ್ಲ. ಚಿಕ್ಕವಳಿದ್ದಾಗ ನನಗೆ ಗೊಬ್ಬರ, ಅಂದರೆ ದಡಾರ, ಎದ್ದಾಗಲೂ ಹರಕೆ ಅವಳದು, ತಿಂಗಳುಗಟ್ಟಲೆ ಉಪ್ಪಿಲ್ಲದ ಅನ್ನ ಉಂಡವಳು ನಾನು. ಆದರೆ ನನ್ನ ಕೈಗಳಿಗಾಗಿ ಅವಳು ಹೊತ್ತ ಹರಕೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳಬೇಕಾದರೆ ಮೊದಲು ಆ ಕೈಗಳ ಸುದ್ದಿ ಹೇಳಬೇಕು.

ಎಪ್ಪತ್ತರ ದಶಕದ ನಡುವಿನ ಮಾತು. ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಬಂದು ಒಂದಿಷ್ಟು ಕಾಲವಾಗಿತ್ತು. ಆದರೂ ಚಿತ್ತಾಪುರದ ನಮ್ಮ ಕಚೇರಿಯಲ್ಲಿ ಹಳೆಯ ಹೆಸರಿನ ಲಕೋಟೆಗಳು ಇನ್ನೂ ಮುಗಿದಿರಲಿಲ್ಲ. ಹಳೆಯದರ ಮೇಲೆ ಗೆರೆ ಹೊಡೆದು ಹೊಸದನ್ನು ಟೈಪ್ ಮಾಡುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದು. ನಾನು ಅಲ್ಲಿ ಹಂಗಾಮಿ ಟೈಪಿಸ್ಟ್. ವಯಸ್ಸು ಇಪ್ಪತ್ತನಾಲ್ಕು. ಶಹಾಬಾದಿನ ಕಡೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳವೆರಡು, ನನ್ನವೆರಡು, ಒಟ್ಟು ನಾಲ್ಕು ಕೈಗಳ ಮೇಲೆ ಮನೆ ನಡೆಯುತ್ತಿತ್ತು.

ಕನ್ನಡದ ಟೈಪ್‌ರೈಟರ್ ಅಂದರೆ ಆಗ ಗಟ್ಟಿ ಗುಣದ ಯಂತ್ರ. ಒಂದು ಅಕ್ಷರಕ್ಕೆ ಎರಡು ಮೂರು ಕೀಲಿ ಒತ್ತಬೇಕು. ಶಿಫ್ಟನ್ನು ಕಿರುಬೆರಳಿನಿಂದ ಅದುಮಿ ಹಿಡಿಯಬೇಕು. ನಾಲ್ಕು ಕಾರ್ಬನ್ ಇಟ್ಟರೆ ಕೊನೆಯ ಪ್ರತಿಯಲ್ಲೂ ಅಕ್ಷರ ಎದ್ದು ಕಾಣಬೇಕು. ಕಾಣದಿದ್ದರೆ ಹೆಡ್ ಕ್ಲಾರ್ಕ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನ್ರಿ ಬಾಯಾರ, ಟೈಪ್ ಮಾಡ್ಲಿಕತ್ತೀರೋ, ಯಂತ್ರದ ಮೈ ಸವರ್ಲಿಕತ್ತೀರೋ?" ಎನ್ನುತ್ತಿದ್ದರು. ಸೀನಿಯರ್ ಪರೀಕ್ಷೆ ಪಾಸಾದರೆ ನೌಕರಿ ಕಾಯಂ ಆಗುತ್ತದೆ, ಇಲ್ಲದಿದ್ದರೆ ಆ ಕುರ್ಚಿಗೆ ಪಾಸಾದವರು ಬರುತ್ತಾರೆ ಎಂದು ಅವರೇ ನನಗೆ ಎರಡು ಸಲ ಹೇಳಿದ್ದರು.

ಅಂಥ ಹೊತ್ತಿನಲ್ಲಿ ಕೈ ಹಿಡಿದುಕೊಂಡಿತು. ಎಳ್ಳಮಾಸಿಯ ಚಳಿಯಲ್ಲಿ ಒಂದು ಮುಂಜಾನೆ ಎದ್ದವಳಿಗೆ ಮುಷ್ಟಿ ಮುಚ್ಚಲಾಗಲಿಲ್ಲ. ಚಳಿಗೆ ಅಂದುಕೊಂಡೆ. ಚಳಿ ಹೋಯಿತು, ಬೇಸಿಗೆ ಬಂತು, ಬೆರಳಿನ ಗೆಣ್ಣುಗಳು ಕಬ್ಬಿನ ಗೆಣ್ಣಿನಂತೆ ಉಬ್ಬಿಕೊಂಡವು. ಜಡೆ ಹಾಕಲು ಅವ್ವ ಬೇಕು, ಕುಪ್ಪಸದ ಗುಂಡಿಗೆ ಅವ್ವ ಬೇಕು. ಮುಧೋಳದಿಂದ ಒಬ್ಬರು ತಂದುಕೊಟ್ಟ ಎಲೆ ಕಟ್ಟಿದೆವು, ಚಿಂಚೋಳಿಯ ಕಡೆ ಇದ್ದ ಸೋದರತ್ತೆ ಕಳಿಸಿದ ಎಣ್ಣೆ ತಿಕ್ಕಿದೆವು. ಎಲೆಯಿಂದ ಬೊಕ್ಕೆ ಎದ್ದವು, ಎಣ್ಣೆಯಿಂದ ಸೀರೆ ಹಾಳಾಯಿತು. ಕೊನೆಗೆ ಹೆಡ್ ಕ್ಲಾರ್ಕರೇ ಶಹಾಬಾದಿನ ಒಬ್ಬ ಡಾಕ್ಟರ ಗುರುತು ಹೇಳಿದರು.

ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಹೋಗಿ, ಅಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಶಹಾಬಾದಿಗೆ ಹೋದೆವು. ಡಾಕ್ಟರು ವಯಸ್ಸಾದವರು, ಗಡಿಬಿಡಿ ಇಲ್ಲದ ಮನುಷ್ಯ. ನನ್ನ ಒಂದೊಂದೇ ಬೆರಳನ್ನು ಹಿಡಿದು, ಮೆಲ್ಲಗೆ ಒತ್ತಿ, ನನ್ನ ಮುಖ ನೋಡಿದರು.

"ಇದು ಗೆಣ್ಣಿನ ಬ್ಯಾನಿ, ತಂಗಿ. ಮೈನೇ ತನ್ನ ಗೆಣ್ಣಿನ ಮ್ಯಾಲ ಸಿಟ್ಟಾಗ್ಯದ. ಪೂರಾ ಹೋಗಂಗಿಲ್ಲ, ಹತೋಟಿನಾಗ ಇಟ್ಕೋಬಹುದು," ಅಂದರು. ಸಣ್ಣ ಬಿಳಿ ಗುಳಿಗೆ ಕೊಟ್ಟರು, ದಿನಕ್ಕೆ ನಾಲ್ಕು. "ಮುಂಜಾನಿ ಒಮ್ಮೆಲೆ ನಾಲ್ಕೂ ತಗೋ, ಊಟ ಆದ ಮ್ಯಾಲ. ಖಾಲಿ ಹೊಟ್ಟೀಲೆ ಎಂದೂ ತಗೋಬ್ಯಾಡ, ಹೊಟ್ಟಿ ಹುಣ್ಣಾಗ್ತದ. ರಾತ್ರಿ ತಗೊಂಡ್ರ ನಿದ್ದಿ ಹತ್ತಂಗಿಲ್ಲ."

ಮೂರನೆಯ ದಿನ ಕೈ ಬಿಚ್ಚಿತು. ನಾನೇ ಜಡೆ ಹಾಕಿಕೊಂಡೆ, ಹಾಕಿಕೊಂಡು ಅತ್ತೆ. ಅವ್ವ ಅಳಲಿಲ್ಲ. ದೇವರ ಗೂಡಿನ ಕಡೆ ತಿರುಗಿ ಕೈಮುಗಿದು, "ವಾಡಿ ಸ್ಟೇಷನ್ನಿನಾಗ ಬೇಡ್ಕೊಂಡಿದ್ದೆ, ಕೇಳಿದ," ಅಂದಳು.

"ಏನಂತ ಬೇಡ್ಕೊಂಡಿದ್ದಿ?"

"ಕೈ ಬಿಚ್ಚಿದ್ರ ಹದಿನಾರು ಸೋಮವಾರ ಮಾಡಸ್ತೀನಂತ."

"ಮಾಡವ್ರು ಯಾರು?"

"ಕೈ ಯಾರವು?" ಅಂದಳು ಅವ್ವ.

ಹದಿನಾರು ಸೋಮವಾರ ಅಂದರೆ ನಮ್ಮ ಕಡೆ ಬಿಗಿಯಾದ ವ್ರತ. ಹಗಲೆಲ್ಲ ನೀರು ಬಿಟ್ಟು ಏನೂ ಇಲ್ಲ, ಚಹಾ ಕೂಡ ಇಲ್ಲ. ಸಂಜೆ ಶಿವನ ಪೂಜೆಯಾದ ಮೇಲೆ ಗೋಧಿ ಬೆಲ್ಲದ ಮಾದಲಿಯನ್ನು ಮೂರು ಪಾಲು ಮಾಡಿ, ದೇವರಿಗೊಂದು, ಹಸುವಿಗೊಂದು ಕೊಟ್ಟು, ಮೂರನೆಯದನ್ನು ತಾನು ತಿನ್ನಬೇಕು. ನಡುವೆ ಒಂದು ವಾರ ತಪ್ಪಿದರೆ ಮತ್ತೆ ಒಂದರಿಂದ ಶುರು. ಶ್ರಾವಣದ ಮೊದಲ ಸೋಮವಾರವೇ ಹಿಡಿಯಬೇಕೆಂದು ಅವ್ವ ಕಾದಳು.

ಕಾಯುವ ಮೂರು ತಿಂಗಳಲ್ಲಿ ನಾನು ಊದಿಕೊಂಡೆ. ಗುಳಿಗೆಯಿಂದ ಹಸಿವೋ ಹಸಿವು. ಮುಖ ದುಂಡಗಾಯಿತು, ಕೆನ್ನೆ ತುಂಬಿತು. ಓಣಿಯವರಿಗೆಲ್ಲ ಭಾಳ ಸಂತೋಷ. "ಈಗ ನೋಡು, ಮೈಕೈ ತುಂಬ್ಕೊಂಡು ಹೆಣ್ಣಿನಂಗ ಕಾಣ್ಲಿಕತ್ತಾಳ," ಎಂದರು. ಸೇಡಂನಿಂದ ಒಂದು ಮನೆತನದವರು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಬೇನೆಯಿಂದ ಒಣಗಿ ಕೂತಿದ್ದಾಗ ಈ ಕಡೆ ತಿರುಗಿ ನೋಡದವರು, ಔಷಧಿಯ ಬಾವನ್ನು ನೋಡಿ ಸೊಸೆ ಮಾಡಿಕೊಳ್ಳಲು ಹೊರಟಿದ್ದರು. ನಾನು ಬೇಡವೆಂದೆ. ಪರೀಕ್ಷೆ ಮುಗಿಯಲಿ ಎಂದು ಅವ್ವನೂ ಒಪ್ಪಿದಳು.

ಡಾಕ್ಟರಿಗೆ ಮಾತ್ರ ಸಂತೋಷವಾಗಲಿಲ್ಲ. ಬಿ.ಪಿ. ನೋಡಿದರು, ಕೆನ್ನೆ ನೋಡಿದರು. "ಇದು ಆರೋಗ್ಯ ಅಲ್ಲ, ಗುಳಿಗಿ. ಹಿಂಗೇ ನಡದ್ರ ಎಲುಬು ಸವೀತಾವ, ಕಣ್ಣಿಗಿ ಪೊರಿ ಬರ್ತದ. ಇಳಿಸಬೇಕು," ಅಂದರು. "ಹಂಗಂತ ಒಮ್ಮೆಲೆ ಬಿಡಂಗಿಲ್ಲ. ಮೈ ಒಳಗ ಇಂಥದೇ ಔಷಧ ತಾನೂ ಒಂದಿಷ್ಟು ಮಾಡ್ತದ. ಹೊರಗಿಂದ ಸಿಗ್ಲಿಕತ್ತದಲ್ಲ ಅಂತ ಈಗ ಕೈಕಟ್ಟಿ ಕುಂತದ. ಅದನ್ನ ಮೆಲ್ಲಕ ಎಬ್ಬಿಸಬೇಕು. ಹದಿನೈದು ದಿನಕ್ಕ ಅರ್ಧ ಗುಳಿಗಿ ಕಮ್ಮಿ ಮಾಡ್ಕೋತ ಬಾ." ಒಂದು ಚೀಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಟ್ಟರು. ಮೂರೂವರೆ, ಮೂರು, ಎರಡೂವರೆ, ಎರಡು, ಹೀಗೆ ಕೆಳಗೆ.

ಇಳಿಕೆಯೂ ಸೋಮವಾರಗಳೂ ಒಂದೇ ವಾರದಲ್ಲಿ ಶುರುವಾದವು.

ಮೊದಲ ಸೋಮವಾರದ ಮುಂಜಾನೆ ಸ್ನಾನ ಮಾಡಿ ಬಂದು ಗುಳಿಗೆ ಡಬ್ಬಿಗೆ ಕೈ ಹಾಕಿದೆ. ಅವ್ವ ತಡೆದಳು. "ಖಾಲಿ ಹೊಟ್ಟೀಲೆ ತಗೋತಿ? ಹುಣ್ಣಾಗ್ತದಂತ ಹೇಳಿಲ್ಲೇನು ಅವ್ರು?"

"ಹಂಗಾದ್ರ ಸಂಜಿಗಿ ಮಾದಲಿ ತಿಂದ ಮ್ಯಾಲ ತಗೋತೀನಿ."

"ರಾತ್ರಿ ತಗೋಬ್ಯಾಡ ಅಂದಾರ. ಊಟಿಲ್ಲ ಅಂದ್ರ ಗುಳಿಗಿ ಇಲ್ಲ. ಒಂದು ದಿನಕ್ಕ ಏನಾಗ್ತದ?"

ನಾನೂ ಹೌದೆಂದೆ. ಓದು ಬಾರದವಳು ಅವ್ವ, ಓದಿದವಳು ನಾನು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಡುವುದು ಅಂದರೆ ಪೂರಾ ಬಿಡುವುದು, ವಾರಕ್ಕೊಂದು ದಿನ ತಪ್ಪಿದರೆ ಅದು ಬಿಟ್ಟಂತೆ ಅಲ್ಲ ಎಂದು ನನಗೂ ಅನಿಸಿತ್ತು. ಮೇಲಾಗಿ ಇಳಿಸಬೇಕೆಂದು ಡಾಕ್ಟರೇ ಹೇಳಿದ್ದಾರಲ್ಲ, ಸೋಮವಾರ ತಪ್ಪಿದರೆ ಇಳಿಕೆ ಇನ್ನೂ ಬೇಗ ಆಗುತ್ತದೆ ಎಂದು ಒಳಗೊಳಗೆ ಖುಷಿಯೂ ಇತ್ತು. ಆ ದಿನದ ಗುಳಿಗೆಗಳನ್ನು ಅವ್ವ ಖಾಲಿಯಾದ ಒಂದು ಕುಂಕುಮದ ಡಬ್ಬಿಗೆ ಹಾಕಿಟ್ಟಳು. ಔಷಧಿಯನ್ನು ಚೆಲ್ಲಬಾರದು ಎನ್ನುವುದು ಅವಳ ನಿಯಮ.

ಮೊದಲ ನಾಲ್ಕೈದು ವಾರ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಮಂಗಳವಾರ ಮೈ ಸ್ವಲ್ಪ ಭಾರ, ಬುಧವಾರ ಬೆರಳು ಸ್ವಲ್ಪ ಬಿಗಿ. ಗುರುವಾರಕ್ಕೆ ಸರಿಹೋಗುತ್ತಿತ್ತು. ಉಪವಾಸದ ದಣಿವು ಅಂದುಕೊಂಡೆ. ಗುಳಿಗೆ ಕಡಿಮೆಯಾದಂತೆ ಮಂಗಳವಾರ ಕೆಟ್ಟದಾಗುತ್ತ ಬಂತು. ಕಿರುಬೆರಳು ಶಿಫ್ಟ್ ಕೀಲಿಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ದಿನ ಹೆಡ್ ಕ್ಲಾರ್ಕ್ ನನ್ನ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದರು.

"ಬಾಯಾರ, ಇವು ನಾಕೂ ನಿಮ್ಮವೇ. ತಾರೀಖು ನೋಡ್ರಿ. ನಾಕೂ ಮಂಗಳವಾರ. ಸಾಲಿಗೆರಡು ತಪ್ಪು. ಶುಕ್ರವಾರದ್ದು ಹುಡುಕಿದ್ರೂ ತಪ್ಪು ಸಿಗಂಗಿಲ್ಲ. ಮಂಗಳವಾರ ನಿಮಗ ಏನಾಗ್ತದ್ರಿ?"

"ಏನಿಲ್ರಿ, ಸಂತಿ ದಿನ, ಗದ್ದಲ ಇರ್ತದ," ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ನಮ್ಮೂರ ಸಂತಿ ಮಂಗಳವಾರ ಅಲ್ರಿ," ಅಂದು ಹೋದರು. ಸುಳ್ಳು ಹೇಳಲೂ ಬರದ ಹೆಣ್ಣು ನಾನು. ಅದೇ ವಾರ ಪರೀಕ್ಷೆಯ ತಿಳಿವಳಿಕೆ ಪತ್ರ ಬಂತು. ಗುಲಬರ್ಗಾದಲ್ಲಿ, ಆರು ವಾರದ ನಂತರ. ದಿನ ಎಣಿಸಿ ನೋಡಿದೆ. ಮಂಗಳವಾರ.

ಎಂಟನೆಯ ಸೋಮವಾರ ಮುಗಿದ ಮರುದಿನ ಮುಂಜಾನೆ ಹೊದ್ದ ಕೌದಿಯನ್ನು ಸರಿಸಲಾಗಲಿಲ್ಲ. ಬೆರಳಷ್ಟೇ ಅಲ್ಲ, ಮಣಿಕಟ್ಟು, ಮೊಣಕಾಲು, ದವಡೆ ಕೂಡ. ಬಾಯಿ ತೆರೆದರೆ ಕಿವಿಯ ತನಕ ನೋವು. ಎದ್ದು ಕೂತರೆ ತಲೆ ತಿರುಗುತ್ತಿತ್ತು. ಅವ್ವ ಬಿಸಿ ನೀರು ತಂದು, ಚಿಕ್ಕ ಮಗುವಿಗೆ ತೊಳೆದಂತೆ ಮುಖ ತೊಳೆದಳು. ನನಗೆ ಹೆದರಿಕೆ ಹತ್ತಿತು. ಪರೀಕ್ಷೆ ಹೋಯಿತು, ನೌಕರಿ ಹೋಯಿತು, ಇನ್ನು ಅವ್ವನ ಎರಡು ಕೈಗಳೇ ಗತಿ ಎಂದು ಮಲಗಿದಲ್ಲೇ ಲೆಕ್ಕ ಹಾಕಿಬಿಟ್ಟೆ.

ಹೆದರಿದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಅವ್ವ ಖಾನಾವಳಿಗೆ ಹೋದ ಮೇಲೆ ಕುಂಕುಮದ ಡಬ್ಬಿ ತೆಗೆದು, ಆ ದಿನದ ಪಾಲಿನ ಮೇಲೆ ಇನ್ನೂ ಮೂರು ಗುಳಿಗೆ ನುಂಗಿದೆ. ಬುಧವಾರವೂ ಮೂರು. ಗುರುವಾರ ಕೈ ಹೂವಿನಂತೆ ಹಗುರ. ಅಬ್ಬಾ, ಗೆದ್ದೆ ಎಂದು ಚೀಟಿಯ ಲೆಕ್ಕಕ್ಕೆ ಮರಳಿದೆ. ಶನಿವಾರ ಮೊದಲಿಗಿಂತ ಎರಡು ಪಟ್ಟಾಗಿ ಬಂತು. ಅವ್ವನೇ ಖಾನಾವಳಿಗೆ ರಜೆ ಹೇಳಿ, ನನ್ನ ತೋಳಿಗೆ ತೋಳು ಕೊಟ್ಟು ಗಾಡಿ ಹತ್ತಿಸಿದಳು.

ಡಾಕ್ಟರು ಬೈಯಲಿಲ್ಲ. "ಎಂದು ಜಾಸ್ತಿ ಆಗ್ತದ?" ಎಂದು ಕೇಳಿದರು.

"ಮಂಗಳವಾರ, ಬುಧವಾರ," ಅಂದೆ. ಹೆಡ್ ಕ್ಲಾರ್ಕ್ ತೋರಿಸಿದ ಹಾಳೆಗಳ ಸುದ್ದಿಯನ್ನೂ, ಬರಲಿರುವ ಪರೀಕ್ಷೆಯ ಸುದ್ದಿಯನ್ನೂ ಹೇಳಿದೆ.

"ಪ್ರತಿ ವಾರ? ಹಂಗಾದ್ರ ಸೋಮವಾರ ಏನ್ ಮಾಡ್ತಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. ಒಳ್ಳೆಯ ವಿದ್ಯಾರ್ಥಿನಿ ಪಾಠ ಒಪ್ಪಿಸುವಂತೆ ಹೇಳಿದಳು. "ಸೋಮವಾರ ಉಪಾಸ ಇರ್ತದ್ರಿ ಸಾಹೇಬ್ರ. ಖಾಲಿ ಹೊಟ್ಟೀಲೆ ಕೊಡಬ್ಯಾಡ ಅಂದಿದ್ರಲ್ಲ, ನಾ ಒಂದು ಸೋಮವಾರನೂ ಗುಳಿಗಿ ಮುಟ್ಟಗೊಟ್ಟಿಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವ್ವನ ಮುಖದಲ್ಲಿ ಇನ್ನೂ ಶಾಬಾಷ್ ಅನ್ನಿಸಿಕೊಳ್ಳುವ ಆಸೆ ಇತ್ತು. ಅವರು ಅದನ್ನು ನೋಡಿರಬೇಕು, ತಡೆದು ತಡೆದು ಮಾತಾಡಿದರು.

"ತಪ್ಪು ನಂದೂ ಅದ, ತಾಯಿ. ಉಪಾಸ ಹಿಡೀತೀರೇನಂತ ನಾ ಕೇಳಬೇಕಿತ್ತು. ನೋಡ್ರಿ, ಒಳಗಿನ ಔಷಧ ಇನ್ನೂ ಎದ್ದಿಲ್ಲ. ಸೋಮವಾರ ಹೊರಗಿಂದೂ ಸಿಗಲಿಲ್ಲ ಅಂದ್ರ ಮೈ ಏನ್ ಮಾಡಬೇಕು? ಗುಳಿಗಿ ಕಮ್ಮಿ ಆದಂಗ ಆ ಪೆಟ್ಟು ಜೋರಾಗ್ತದ." ನನ್ನ ಕಡೆ ತಿರುಗಿದರು. "ನೀನೂ ಏನೋ ಮಾಡೀದಿ. ಕಣ್ಣು ಹೇಳ್ಲಿಕತ್ತಾವ."

ಕುಂಕುಮದ ಡಬ್ಬಿಯ ಸುದ್ದಿ ಹೇಳಿದೆ. ಅವ್ವ ಬೆಚ್ಚಿ ನನ್ನನ್ನು ನೋಡಿದಳು.

"ಇವತ್ತು ಏರಿಸಿ, ನಾಳಿ ಇಳಿಸಿ, ಹಂಗ ಮಾಡಬ್ಯಾಡ. ಬ್ಯಾನಿ ಏರಿದ್ರ ನನ್ನ ಹತ್ರ ಬಾ, ಡಬ್ಬಿ ಹತ್ರ ಹೋಗಬ್ಯಾಡ," ಅಂದರು. ಹಳೆಯ ಚೀಟಿಗೆ ಅಡ್ಡಗೆರೆ ಹೊಡೆದು ಹೊಸದು ಬರೆದರು. ದಿನಕ್ಕೆ ಎರಡೂವರೆ, ನಾಲ್ಕು ವಾರ ಅಲುಗಾಡಿಸದೆ. ಆಮೇಲೆ ಅರ್ಧದ ಬದಲು ಕಾಲು ಕಾಲು ಇಳಿಸುವುದು. ಬಲಗೈ ಮಣಿಕಟ್ಟಿಗೆ ಹತ್ತು ದಿನ ಪಟ್ಟಿ ಕಟ್ಟಿ ವಿಶ್ರಾಂತಿ, ದಿನಕ್ಕೆರಡು ಸಲ ಬಿಸಿನೀರಿನಲ್ಲಿ ಕೈ. "ಒಂದು ಮೆಟ್ಲ ಮ್ಯಾಲ ಹತ್ತಿದ್ರ ಸೋತಂಗಲ್ಲ. ಆದ್ರ ಸೋಮವಾರ ಮುಂಜಾನಿ ಉಣ್ಣಬೇಕು, ಗುಳಿಗಿ ತಗೋಬೇಕು. ಅದಕ್ಕ ಮಾಫಿ ಇಲ್ಲ."

"ಇನ್ನ ಎಂಟು ಅದಾವ್ರಿ," ಅಂದಳು ಅವ್ವ ಸಣ್ಣ ದನಿಯಲ್ಲಿ.

"ಹಂಗಾದ್ರ ಪರೀಕ್ಷಾ ಬಿಡ್ರಿ," ಅಂದರು ಡಾಕ್ಟರು, ಅಷ್ಟೇ ಸಣ್ಣ ದನಿಯಲ್ಲಿ.

ವಾಡಿಯಲ್ಲಿ ನಮ್ಮ ಗಾಡಿ ತಡವಿತ್ತು. ಮಧ್ಯಾಹ್ನದ ಬಿಸಿಲು, ಪ್ಲಾಟ್‌ಫಾರ್ಮಿನ ತುಂಬ ಸಿಮೆಂಟಿನ ಧೂಳು. ಅವ್ವ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಬಾಯಿಗೆ ಹಿಡಿದಳು. ನನಗೆ ಮುರಿಯಲಾಗುತ್ತಿರಲಿಲ್ಲ. ಉಣಿಸುತ್ತಲೇ, "ಇನ್ನ ಎಂಟೇ ಉಳದಾವ. ನಡುವ ಬಿಟ್ರ ದೇವ್ರು ಸುಮ್ನಿರ್ತಾನೇನು? ಕೊಟ್ಟ ಕೈ ಕಸ್ಕೊಂಡ್ರ?" ಅಂದಳು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಓಣಿಯೆಲ್ಲ ಬಲ್ಲದು. ಅವತ್ತು ನೋವೂ ಇತ್ತು, ಹೆದರಿಕೆಯೂ ಇತ್ತು. ತುತ್ತನ್ನು ಉಗುಳಿ ಹೇಳಿದೆ, "ದೇವ್ರು ಕಸ್ಕೊಂಡಿಲ್ಲ ಅವ್ವಾ, ನೀ ಕಸ್ಕೊಂಡಿ. ನಿನ್ನ ಹರಕೀನೇ ನನ್ನ ಕೈ ತಿಂತು. ನೀ ಬೇಡ್ಕೊಳ್ಳದಿದ್ರ ನಾ ಚೆಂದ ಇರ್ತಿದ್ದೆ."

ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಅವ್ವ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. ಚಿತ್ತಾಪುರ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎರಡು ದಿನ ಮೂರು ಮೂರು ಗುಳಿಗೆ ಕದ್ದು ನುಂಗಿದವಳು ನಾನು, ಓದಿಕೊಂಡೂ ಡಾಕ್ಟರನ್ನು ಕೇಳದವಳು ನಾನು. ಆ ಮಾತು ಆಗ ನೆನಪಾಗಲಿಲ್ಲ.

ಮರುದಿನ ಸಂಜೆ ಗೋಡೆಯಾಚೆ ಮನೆಯ ಖಾಲಾ ಬಂದರು. ಅವರ ಯಜಮಾನರು ಪೇಟೆಯಲ್ಲಿ ಬಳೆ ಮಾರುತ್ತಿದ್ದರು. ನಮ್ಮ ಮನೆಯಲ್ಲಿ ಮಾತು ಬಂದ್ ಆಗಿದೆಯೆಂದು ಗೋಡೆಯೇ ಅವರಿಗೆ ಹೇಳಿರಬೇಕು. ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿದ್ದ ನನ್ನ ಕೈ ನೋಡಿದರು, ಅವ್ವನಿಂದ ಪೂರ್ತಿ ಸುದ್ದಿ ಕೇಳಿದರು.

"ನಮ್ಮಲ್ಲಿ ಬೀಮಾರಿ ಇದ್ದವ್ರಿಗಿ ರೋಜಾ ಮಾಫ್ ಅದ ಅಕ್ಕಾ. ಆರಾಮಾದ ಮ್ಯಾಲ ಹಿಡೀಬಹುದು. ಹಿಡೀಲಿಕ್ಕ ಆಗಂಗಿಲ್ಲ ಅಂದ್ರ ಗರೀಬರಿಗಿ ಉಣಿಸಬಹುದು. ದೇವ್ರಿಗಿ ಮಕ್ಕಳ ಬ್ಯಾನಿ ಗೊತ್ತಾಗಂಗಿಲ್ಲೇನು?"

"ನಿಮ್ಮವ ಮೊದಲೇ ಹೇಳಿಟ್ಟಾನ, ಛಲೋ ಆತು," ಅಂದಳು ಅವ್ವ. "ನಮ್ಮವ ಏನೂ ಹೇಳಂಗಿಲ್ಲ. ಸುಮ್ ಕುಂತು ನೋಡ್ತಾನ."

ಖಾಲಾ ನಕ್ಕರು. ಅವ್ವನೂ ಸ್ವಲ್ಪ ನಕ್ಕಳು, ಆದರೆ ನನ್ನ ಕಡೆ ನೋಡಿ ನಗಲಿಲ್ಲ.

ಸೋಮವಾರ ಬಂತು. ಒಂಬತ್ತನೆಯದು. ಏನಾದರಾಗಲಿ, ಅವ್ವ ಅಡ್ಡ ಬಂದರೆ ಕಚೇರಿಯ ದಾರಿಯಲ್ಲಿ ಎರಡು ಬಾಳೆಹಣ್ಣು ತಿಂದು ಗುಳಿಗೆ ನುಂಗುವುದೆಂದು ಚೀಲದಲ್ಲಿ ಹಾಕಿಟ್ಟುಕೊಂಡಿದ್ದೆ. ಸ್ನಾನ ಮುಗಿಸಿ ಬರುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸೋಮವಾರ ಮುಂಜಾನೆ ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಒಲೆ ಹೊತ್ತಿರಲಿಲ್ಲ. ನಾನು ಉಪವಾಸ ಹಿಡಿದಾಗಿನಿಂದ ಅವಳೂ ಖಾನಾವಳಿಗೆ ಹೋದ ಮೇಲೆಯೇ ಏನಾದರೂ ತಿನ್ನುತ್ತಿದ್ದಳು.

ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ತೊಗರಿಬೇಳೆ, ಹಸಿ ಉಳ್ಳಾಗಡ್ಡಿ. ಪಕ್ಕದ ಬಟ್ಟಲಲ್ಲಿ ಎರಡೂವರೆ ಗುಳಿಗೆ. ರೊಟ್ಟಿಯನ್ನು ಮುರಿದು ಸಣ್ಣ ಚೂರು ಮಾಡಿಟ್ಟಿದ್ದಳು.

"ಉಣ್ಣು," ಅಂದಳು. ವಾಡಿಯಿಂದ ಬಂದ ಮೇಲೆ ಅವಳಾಗಿ ಆಡಿದ ಮೊದಲ ಮಾತು.

"ಹರಕಿ?"

"ನಾ ಹಿಡದೀನಿ. ಇವತ್ತಿಗಿ ಮೊದಲನೇದ್ದು."

"ಎಂಟು ಆಗ್ಯಾವಲ್ಲ ಅವ್ವಾ. ಇನ್ನ ಎಂಟು ಮಾಡಿದ್ರ ಆತಲ್ಲ."

"ಅವು ನಿನ್ನವು. ನನ್ನ ಪಾಲಿಗಿ ಬರಂಗಿಲ್ಲ. ಉಣ್ಣು, ಆರ್ತದ."

ಉಂಡೆ. ಜೀವನದಲ್ಲಿ ಬೇಕಾದಷ್ಟು ಹಳಸಿದ ಅನ್ನ ಉಂಡಿದ್ದೇನೆ, ಅಳುತ್ತ ಉಂಡಿದ್ದೇನೆ. ಆದರೆ ಉಪವಾಸ ಕೂತ ತಾಯಿಯ ಎದುರಿಗೆ ಬಿಸಿ ರೊಟ್ಟಿ ಉಣ್ಣುವಷ್ಟು ಕಷ್ಟ ಇನ್ನೊಂದಿಲ್ಲ. ಬೇಗ ಬೇಗ ನುಂಗಿದರೆ, "ಅಗೀ," ಎನ್ನುವಳು. ಬಿಟ್ಟು ಏಳಲು ಹೋದರೆ ತಟ್ಟೆಯ ಕಡೆ ಕಣ್ಣು ತೋರಿಸುವಳು. ಗುಳಿಗೆ ನುಂಗಿ ನೀರು ಕುಡಿದು ಬಾಯಿ ತೆರೆದು ತೋರಿಸಿದ ಮೇಲೆಯೇ ಅವಳು ಖಾನಾವಳಿಗೆ ಹೊರಡುತ್ತಿದ್ದಳು. ಅಲ್ಲಿ ದಿನವೆಲ್ಲ ಒಲೆಯ ಮುಂದೆ ಕೂತು ಬೇರೆಯವರಿಗೆ ರೊಟ್ಟಿ. ತನಗೆ ನೀರು.

ಹೆಡ್ ಕ್ಲಾರ್ಕ್‌ಗೆ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ದಿನ ಸಂತಿ ಮ್ಯಾಲ ಹಾಕಿದ್ರಲ್ರಿ," ಅಂದರು. ಹತ್ತು ದಿನ ಟೈಪಿಂಗ್ ಬಿಡಿಸಿ ಆವಕ ಜಾವಕದ ಪುಸ್ತಕ ಕೊಟ್ಟರು, ಕಚೇರಿಗೆ ಬಂದ ಕಾಗದ, ಹೋದ ಕಾಗದ ಬರೆಯುವುದು. ಎಡಗೈಯಿಂದ ಬರೆದೆ. ನನ್ನ ಬರಹ ಕೋಳಿ ಕೆದರಿದಂತಿದ್ದರೂ ಯಾರೂ ಏನೂ ಅನ್ನಲಿಲ್ಲ.

ಬೇನೆ ಬಂದಷ್ಟು ಬೇಗ ಹೋಗಲಿಲ್ಲ. ಮೊದಲು ದವಡೆ ಬಿಟ್ಟಿತು, ಆಮೇಲೆ ಮೊಣಕಾಲು. ಹತ್ತು ದಿನದ ಮೇಲೆ ಮಣಿಕಟ್ಟಿನ ಪಟ್ಟಿ ಬಿಚ್ಚಿದೆ. ಮಂಗಳವಾರವೆಂಬುದು ಮತ್ತೆ ಬರೀ ಮಂಗಳವಾರವಾಯಿತು. ಸಂಜೆ ಕಚೇರಿ ಖಾಲಿಯಾದ ಮೇಲೆ ಅರ್ಧ ತಾಸು ಯಂತ್ರದ ಮುಂದೆ ಕೂಡುತ್ತಿದ್ದೆ. ನೋವು ಬಂದರೆ ಎದ್ದುಬಿಡಬೇಕೆಂದು ಡಾಕ್ಟರ ಅಪ್ಪಣೆ, ಅದನ್ನು ಮುರಿಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವ್ವನ ಐದನೆಯ ಸೋಮವಾರ. ಅವತ್ತೂ ಎದುರು ಕೂತು ಉಣಿಸಿ, ಮಧ್ಯಾಹ್ನದ ಬುತ್ತಿಯನ್ನೂ ಕಟ್ಟಿದಳು. ಮರುದಿನ ಗುಲಬರ್ಗಾದ ದೊಡ್ಡ ಕೋಣೆಯಲ್ಲಿ ಮೂವತ್ತು ನಲವತ್ತು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವಾಗ ನನ್ನ ಕಿರುಬೆರಳು ಎರಡು ಕಡೆ ಹಿಂದೆ ಬಿತ್ತು, ಉಳಿದದ್ದೆಲ್ಲ ನಡೆಯಿತು. ಫಲಿತಾಂಶ ಬಂದಾಗ ನಾನು ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿದ್ದೆ. ಪಾಸು ಪಾಸೇ. ಹೆಡ್ ಕ್ಲಾರ್ಕ್ ಪೇಡೆ ತರಿಸಿದರು. ಅವ್ವನ ಪಾಲಿನ ಪೇಡೆ ಅವತ್ತು ಸೋಮವಾರವಾದ್ದರಿಂದ ಸಂಜೆಯ ತನಕ ಗೂಡಿನಲ್ಲಿತ್ತು.

ಆಮೇಲೆ ಇಳಿಕೆ ಮತ್ತೆ ಶುರುವಾಯಿತು, ಕಾಲು ಕಾಲಾಗಿ. ಗುಳಿಗೆಯನ್ನು ಫರಸಿ ಕಲ್ಲಿನ ನೆಲದ ಮೇಲಿಟ್ಟು ಬ್ಲೇಡಿನಿಂದ ನಾಲ್ಕು ಮಾಡುವ ಕೆಲಸವನ್ನು ಅವ್ವ ವಹಿಸಿಕೊಂಡಳು. ಚೂರು ಸಿಡಿದರೆ ಬಗ್ಗಿ ಹುಡುಕಿ, ನಾಲ್ಕೂ ಒಂದೇ ಸಮ ಇವೆಯೋ ಇಲ್ಲವೋ ಎಂದು ಕಣ್ಣ ಹತ್ತಿರ ಹಿಡಿದು ನೋಡುವಳು. ನಡುವೆ ಒಮ್ಮೆ ಎರಡು ದಿನ ಬೆರಳು ಬಿಗಿಯಾದಾಗ ಡಬ್ಬಿಗೆ ಕೈ ಹಾಕದೆ ಶಹಾಬಾದಿಗೆ ಹೋದೆ. ಡಾಕ್ಟರು, "ಇಳಿಸೂ ಮುಂದ ಇಷ್ಟು ಇರ್ತದ, ಒಂದು ವಾರ ತಾಳು," ಅಂದರು. ತಾಳಿದೆ, ಹೋಯಿತು. ಕೆನ್ನೆಯೂ ಇಳಿಯಿತು. ಓಣಿಯವರು ಈಗ, "ಯಾಕ ಸೊರಗೀದಿ?" ಎಂದು ಕೇಳತೊಡಗಿದರು.

ಇಷ್ಟೆಲ್ಲ ನಡೆಯುವಾಗಲೂ ಅವ್ವನ ಸೋಮವಾರಗಳು ಒಂದೂ ತಪ್ಪಲಿಲ್ಲ. ನನ್ನ ಕೈಗಾಗಿ, ನನ್ನ ಪರೀಕ್ಷೆಗಾಗಿ, ನನ್ನ ನೌಕರಿಗಾಗಿ ಹಸಿದಿದ್ದಾಳೆಂದು ನಾನು ತಿಳಿದಿದ್ದೆ. ಕಚೇರಿಯಲ್ಲಿ ಹಾಗೆಂದೇ ಹೇಳಿಕೊಳ್ಳುತ್ತಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ.

ಹದಿನಾರನೆಯದು ಮುಗಿದ ಸಂಜೆ ಅವಳು ಮಾದಲಿಯನ್ನು ಮೂರು ಪಾಲು ಮಾಡಿದಳು. ದೇವರ ಮುಂದೆ ಒಂದು ಇಟ್ಟಳು, ಖಾಲಾ ಮನೆಯ ಹಸುವಿಗೆ ಒಂದು ಕೊಟ್ಟು ಬಂದಳು. ತನ್ನ ಪಾಲನ್ನು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಸೋತಿದ್ದಳು. ಬೆನ್ನಿನ ಎಲುಬು ಕುಪ್ಪಸದೊಳಗಿಂದ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಖುಷಿಯಲ್ಲಿ, ಸುಮ್ಮನೆ ಕೇಳಿದೆ.

"ಈ ಸರ್ತಿ ಏನ್ ಬೇಡ್ಕೊಂಡಿದ್ದಿ ಅವ್ವಾ? ಪಾಸಾಗ್ಲಿ ಅಂತೇನು?"

"ಏನೂ ಬೇಡಿಲ್ಲ."

"ಬೇಡದೇ ಯಾರರೇ ಹದಿನಾರು ಸೋಮವಾರ ಹಿಡೀತಾರೇನು?"

ಅವಳು ಮಾದಲಿಯನ್ನು ಬೆರಳಿನಿಂದ ಕೂಡಿಸುತ್ತ ಕೂತಳು. ಸಿಟ್ಟಿಲ್ಲದೆ, ದೂರಿಲ್ಲದೆ ಹೇಳಿದಳು. "ನನ್ನ ಹರಕಿ ನಿನ್ನ ಕೈ ತಿಂತಂದಿಯಲ್ಲ ವಾಡಿನಾಗ. ಖರೇನೇ ಅದು. ಅದಕ್ಕ, ತಪ್ಪಾತು ಅಂತ ಹೇಳಿಕೊಂಡೆ. ಹದಿನಾರು ಸರ್ತಿ."

ಪ್ಲಾಟ್‌ಫಾರ್ಮಿನ ಮೇಲೆ ಆಡಿ, ಊರು ಬರುವಷ್ಟರಲ್ಲಿ ನಾನು ಮರೆತ ಮಾತು ಅದು. ನಾನು ಅವಳೆದುರು ಕೂತು ಉಂಡ ಒಂದೊಂದು ಸೋಮವಾರವೂ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು. ತಪ್ಪಾಯಿತು ಎನ್ನಬೇಕಾದವಳು ನಾನು. ಎಷ್ಟು ಪ್ರಯತ್ನಪಟ್ಟರೂ ಆ ಒಂದು ಶಬ್ದ ನಾಚಿಕೆಯಿಂದ ಬಾಯಿಗೆ ಬರಲಿಲ್ಲ. ಅವಳ ಮುಂದಿನ ತಟ್ಟೆಯಿಂದ ಮಾದಲಿ ತೆಗೆದು, ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ ಅವಳ ಬಾಯಿಗೆ ಹಿಡಿದೆ.

ಅವಳು ಉಂಡೆಯನ್ನು ನೋಡಲಿಲ್ಲ. ಅದನ್ನು ಹಿಡಿದ ನನ್ನ ಬೆರಳುಗಳನ್ನು ಒಂದೊಂದಾಗಿ ನೋಡಿದಳು.

"ಪೂರಾ ಮುಚ್ಚಲಿಕತ್ತದಲ್ಲ ಕೈ," ಅಂದು ಬಾಯಿ ತೆರೆದಳು.